ಮೂರು ಪಾಳಿಯ ಕಾರ್ಖಾನೆಯಲ್ಲಿ ವಿಂಡೋಸ್ ಸರ್ವರ್ 2022: ಕ್ಯಾಲ್ ಲೆಕ್ಕ ಹಾಕುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವನು ನಾನು. ಎಲ್ಲರ ಫೈಲ್, ಪ್ರಿಂಟರ್, ಲಾಗಿನ್ ಒಂದೇ ಕಡೆಯಿಂದ ನಡೆಸುವ ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ 2022ರ ಸ್ಟ್ಯಾಂಡರ್ಡ್ ಆವೃತ್ತಿ ನಮ್ಮಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿದೆ. ಸಾಫ್ಟ್‌ವೇರ್ ಬಗ್ಗೆ ತಕರಾರಿಲ್ಲ. ಪ್ರತಿ ತಿಂಗಳ ಎರಡನೇ ಮಂಗಳವಾರ ಬರುವ ಅಪ್‌ಡೇಟನ್ನು ವಾರದ ರಜೆಯ ದಿನ ಹಾಕಿ ರೀಸ್ಟಾರ್ಟ್ ಮಾಡಿದರೆ ಉಳಿದ ದಿನ ಅದರ ಕಡೆ ತಿರುಗಿ ನೋಡಬೇಕಿಲ್ಲ. ಕೊಳ್ಳುವವರ ತಲೆ ತಿನ್ನುವುದು ಲೈಸೆನ್ಸ್. ಅದರಲ್ಲೂ ಕ್ಯಾಲ್, ಅಂದರೆ ಕ್ಲೈಂಟ್ ಆಕ್ಸೆಸ್ ಲೈಸೆನ್ಸ್. ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಸರ್ವರ್ ಲೈಸೆನ್ಸ್ ಕೋರ್ (ಪ್ರೊಸೆಸರ್ ಒಳಗಿನ ಕೆಲಸದ ಘಟಕ) ಲೆಕ್ಕದಲ್ಲಿ ಬರುತ್ತದೆ. ನಿಮ್ಮ ಮಷೀನಿನಲ್ಲಿ 8 ಕೋರ್ ಇದ್ದರೂ ಕನಿಷ್ಠ 16 ಕೋರಿನ ದುಡ್ಡು ಕಟ್ಟಲೇಬೇಕು. ಬಹಳಷ್ಟು ಡೀಲರ್‌ಗಳ ಕೊಟೇಶನ್ ಇಲ್ಲಿಗೇ ಮುಗಿಯುತ್ತದೆ. ಆದರೆ ಆ ಸರ್ವರಿನ ಫೈಲ್, ಪ್ರಿಂಟರ್, ಲಾಗಿನ್ ಯಾವುದನ್ನೇ ಬಳಸುವ ಪ್ರತಿ ವ್ಯಕ್ತಿಗೆ ಇಲ್ಲವೇ ಪ್ರತಿ ಯಂತ್ರಕ್ಕೆ ಬೇರೆ ಕ್ಯಾಲ್ ಬೇಕು. ಕ್ಯಾಲ್ ಇಲ್ಲದಿದ್ದರೂ ಸರ್ವರ್ ತಡೆಯುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಲೆಕ್ಕ ಪರಿಶೀಲನೆಗೆ ಬಂದವರು ಕೇಳುವುದು ಖರೀದಿಯ ಕಾಗದವನ್ನು. "ಎಲ್ಲಾ ಓಡ್ತಾ ಇದೆಯಲ್ಲ ಸಾರ್, ಇನ್ನೇನು ಬೇಕು" ಎನ್ನುವ ಡೀಲರ್ ಮಾತು ಕೇಳಿ ಸುಮ್ಮನಾಗಬೇಡಿ.

ಕ್ಯಾಲ್‌ನಲ್ಲಿ ಯೂಸರ್, ಡಿವೈಸ್ ಎಂದು ಎರಡು ಬಗೆ, ದುಡ್ಡು ಉಳಿಯುವುದೂ ಪೋಲಾಗುವುದೂ ಈ ಆಯ್ಕೆಯಲ್ಲಿ. ನಮ್ಮ ಶಾಪ್ ಫ್ಲೋರಿನಲ್ಲಿ ಆರು ಟರ್ಮಿನಲ್‌ಗಳಿವೆ. ಪಾಳಿ ಬದಲಾಗುವ ಹೊತ್ತಿಗೆ ಒಬ್ಬ ಆಪರೇಟರ್ ಕೈಯನ್ನು ವೇಸ್ಟ್ ಬಟ್ಟೆಗೆ ಒರೆಸಿಕೊಂಡು ಜಾಬ್ ಕಾರ್ಡ್ ನಂಬರ್ ಹೊಡೆದು, ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್ ಆಯಿತು ಎಂದು ತುಂಬಿಸಿ ಹೊರಡುತ್ತಾನೆ. ಮುಂದಿನ ಪಾಳಿಯವನು ಅದೇ ಕೀಬೋರ್ಡಿನ ಮುಂದೆ ಬಂದು ನಿಲ್ಲುತ್ತಾನೆ. ಮೂರು ಪಾಳಿ ಸೇರಿ ನಲವತ್ತು ಜನ ಈ ಆರು ಯಂತ್ರ ಮುಟ್ಟುತ್ತಾರೆ. ಇಲ್ಲಿ ಡಿವೈಸ್ ಕ್ಯಾಲ್ ಆರು ಸಾಕು. ಆಫೀಸಿನ ಕಥೆ ಬೇರೆ. ಪರ್ಚೇಸ್ ಮೇಡಂ ಅವರಿಗೆ ಡೆಸ್ಕ್‌ಟಾಪ್ ಇದೆ, ಮನೆಗೆ ಒಯ್ಯುವ ಲ್ಯಾಪ್‌ಟಾಪ್ ಇದೆ, ಫೋನಿನಲ್ಲೂ ಫೈಲ್ ತೆಗೆಯುತ್ತಾರೆ. ಅಂಥವರಿಗೆ ಒಂದು ಯೂಸರ್ ಕ್ಯಾಲ್ ಕೊಟ್ಟರೆ ಅವರ ಎಷ್ಟು ಸಾಧನಗಳಿದ್ದರೂ ನಡೆಯುತ್ತದೆ. ಎರಡೂ ಬಗೆಯನ್ನು ಬೆರೆಸಿ ಕೊಳ್ಳಬಹುದು, ಕೊಳ್ಳಲೇಬೇಕು ಎನ್ನುತ್ತೇನೆ.

ಒಂದು ಎಚ್ಚರಿಕೆ. ಆಪರೇಟರ್‌ಗಳ ಸಂಬಳದ ಚೀಟಿಯನ್ನು ಅವರವರ ಫೋನಿನಲ್ಲೇ ನೋಡುವಂತೆ ಮಾಡೋಣ ಎಂದು ಆಡಳಿತದವರು ಕೇಳಿದರು. ಒಳ್ಳೆಯ ಯೋಚನೆಯೇ. ಆದರೆ ಚೀಟಿ ನಮ್ಮ ಸರ್ವರಿನಿಂದ ಹೋದರೆ ಟರ್ಮಿನಲ್ಲಿನ ಡಿವೈಸ್ ಕ್ಯಾಲ್ ಅವರ ಫೋನಿಗೆ ಅನ್ವಯಿಸುವುದಿಲ್ಲ. ನಲವತ್ತು ಯೂಸರ್ ಕ್ಯಾಲ್ ಬೇಕಾಗುತ್ತದೆ. ಇಂಥ ಯೋಜನೆ ಮುಂದಿದ್ದರೆ ಖರೀದಿಗೆ ಮೊದಲೇ ಬಾಯಿಬಿಟ್ಟು ಹೇಳಿ ಎಂದು ಎಲ್ಲ ವಿಭಾಗದವರನ್ನೂ ಕೇಳಿಕೊಳ್ಳಿ.

ಇಆರ್‌ಪಿ, ಅಂದರೆ ಖರೀದಿ, ಉತ್ಪಾದನೆ, ಲೆಕ್ಕಪತ್ರ ಎಲ್ಲ ಒಟ್ಟಿಗೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರಲು ಬಂದವರು ಇನ್ನೊಂದು ಮಾತು ಹೇಳಿದ್ದರು: ಡೇಟಾಬೇಸಿಗೆ ನಮ್ಮ ಸಾಫ್ಟ್‌ವೇರ್ ಒಂದೇ ಲಾಗಿನ್‌ನಿಂದ ಹೋಗುತ್ತದೆ, ಆ ಡೇಟಾಬೇಸ್ ನಡೆಸುವ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ ಒಂದು ಕ್ಯಾಲ್ ಸಾಕು. ಇದು ಶುದ್ಧ ಸುಳ್ಳು. ನಡುವೆ ಯಾವ ಸಾಫ್ಟ್‌ವೇರ್ ನಿಂತರೂ ಕೊನೆಯಲ್ಲಿ ಬಳಸುವ ಜನ ಅಥವಾ ಯಂತ್ರಗಳ ಲೆಕ್ಕವೇ ಲೆಕ್ಕ. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಅನ್ನು ಕೋರ್ ಲೆಕ್ಕದಲ್ಲೂ ಕೊಳ್ಳಬಹುದು, ಕನಿಷ್ಠ 4 ಕೋರ್, ಆಗ ಕ್ಯಾಲ್ ಬೇಡ. ನಮ್ಮಷ್ಟು ಜನಕ್ಕೆ ಕ್ಯಾಲ್ ದಾರಿಯೇ ಅಗ್ಗ ಬಿತ್ತು.

ಈಗ ರಿಮೋಟ್ ಡೆಸ್ಕ್‌ಟಾಪ್. ಬ್ರಾಂಚಿನವರು ದೂರದಿಂದ ಸರ್ವರಿಗೆ ಬಂದು ಟ್ಯಾಲಿ ತೆರೆಯುವುದು ನಮ್ಮ ಕಡೆ ಮಾಮೂಲಿ. ಅದಕ್ಕೆ ಮಾಮೂಲಿ ಕ್ಯಾಲ್ ಮೇಲೆ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಕ್ಯಾಲ್ ಎಂಬುದು ಇನ್ನೊಂದು ಬೇಕು. ಮಾಮೂಲಿ ಕ್ಯಾಲ್‌ನಂತಲ್ಲ, ಇದು ಇದೆಯೇ ಎಂದು ಸರ್ವರೇ ನೋಡುತ್ತದೆ, ಇಲ್ಲದಿದ್ದರೆ ತಡೆಯುತ್ತದೆ. ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಗಾರ್ಮೆಂಟ್ಸ್ ನಡೆಸುವ ಪರಿಚಯದವರೊಬ್ಬರಿಗೆ ಯಾರೋ ಆರ್‌ಡಿಎಸ್ ಹಾಕಿ, ಲೈಸೆನ್ಸ್ ಕೊಡದೆ, ದುಡ್ಡು ಎಣಿಸಿಕೊಂಡು ಹೋಗಿದ್ದರು. ಲೈಸೆನ್ಸ್ ಇಲ್ಲದೆಯೂ 120 ದಿನ ಓಡುತ್ತದೆ. ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗಲಿಲ್ಲ. ಅದೂ ಜಿಎಸ್‌ಟಿ ರಿಟರ್ನ್‌ನ 20ನೇ ತಾರೀಕು ಹತ್ತಿರ. "ಅಣ್ಣಾ, ವೈರಸ್ ನುಗ್ಗಿರಬೇಕು, ಬೇಗ ನೋಡಿ" ಎಂದು ಫೋನ್ ಮಾಡಿದರು. ಅಡ್ಮಿನ್ ಮೋಡ್‌ನಲ್ಲಿ ಒಳಗೆ ಹೋಗಿ ನೋಡಿದರೆ ಡೇಟಾ ಎಲ್ಲ ಸುರಕ್ಷಿತ, ಆರ್‌ಡಿಎಸ್ ಕ್ಯಾಲ್ ಹಂಚುವ ಲೈಸೆನ್ಸ್ ಸರ್ವರೇ ಇಲ್ಲ ಎಂಬ ದೂರು ಮಾತ್ರ. ಅವರಲ್ಲಿ ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಡೊಮೈನ್ ಇರಲಿಲ್ಲ, ಪ್ರತಿ ಯಂತ್ರ ತನ್ನ ಲಾಗಿನ್ ತಾನೇ ಇಟ್ಟುಕೊಳ್ಳುವ ವರ್ಕ್‌ಗ್ರೂಪ್ ಅಷ್ಟೇ. ಅಂಥ ಕಡೆ ಪರ್ ಯೂಸರ್ ಆರ್‌ಡಿಎಸ್ ಕ್ಯಾಲ್ ಹಾಕಿದರೆ 60 ನಿಮಿಷಕ್ಕೊಮ್ಮೆ ಸೆಷನ್ ಕಡಿಯುತ್ತದೆ. ಹಾಗಾಗಿ ಪರ್ ಡಿವೈಸ್ ಕೊಡಿಸಿದೆ. ದುಡ್ಡು ಕೊಟ್ಟೂ ಈ ಪಾಡು ಪಟ್ಟವರನ್ನು ನೋಡಿದರೆ ಸಂಕಟವಾಗುತ್ತದೆ.

ಮೆಚ್ಚಬೇಕಾದ ಅಂಶವೂ ಇದೆ. ಕ್ಯಾಲ್ ಒಂದು ಸರ್ವರಿಗೆ ಅಂಟಿಕೊಂಡಿರುವುದಿಲ್ಲ. ನಾವು ಎರಡನೇ ಸರ್ವರ್ ತಂದಾಗ ಅದರ ಕೋರ್ ಲೈಸೆನ್ಸ್ ಮಾತ್ರ ಕೊಂಡೆವು, ಇದ್ದ ಕ್ಯಾಲ್‌ಗಳೇ ಅದಕ್ಕೂ ಸಾಕಾದವು. 2022ರ ಕ್ಯಾಲ್ ಹಳೆಯ 2019, 2016ರ ಸರ್ವರ್‌ಗಳಿಗೂ ಸಲ್ಲುತ್ತದೆ. ಮುಂದಿನ ಆವೃತ್ತಿಗೆ ಮಾತ್ರ ಸಲ್ಲುವುದಿಲ್ಲ. ಸರ್ವರ್ 2025ಕ್ಕೆ ಹೋಗುವುದಾದರೆ, ಹೊಸ ಆವೃತ್ತಿಯ ಹಕ್ಕು ಕೊಡುವ ಸಾಫ್ಟ್‌ವೇರ್ ಅಶ್ಯೂರೆನ್ಸ್ ಎಂಬ ಒಪ್ಪಂದ ಕೊಂಡಿಲ್ಲದವರು ಕ್ಯಾಲ್‌ಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕು.

ಇಪ್ಪತ್ತೈದು ಜನದೊಳಗಿನ ಆಫೀಸಾದರೆ ಎಸೆನ್ಷಿಯಲ್ಸ್ ಆವೃತ್ತಿ ಕೇಳಿ. 25 ಬಳಕೆದಾರರು, 50 ಸಾಧನಗಳ ತನಕ ಅದಕ್ಕೆ ಕ್ಯಾಲ್ ಬೇಕಿಲ್ಲ. ಸರ್ವರ್ ಮಷೀನಿನ ಜೊತೆಗೇ ಅದನ್ನು ಮಾರುತ್ತಾರೆ. ಬರೀ ಫೈಲ್ ಹಂಚಿಕೊಳ್ಳುವುದಷ್ಟೇ ಕೆಲಸವಾದರೆ ಲಿನಕ್ಸ್ ಮೇಲೆ ಸಾಂಬಾ ಎಂಬ ಉಚಿತ ಫೈಲ್ ಹಂಚಿಕೆ ಸಾಫ್ಟ್‌ವೇರ್ ಹಾಕಿಸಿ, ಕ್ಯಾಲ್ ಗೊಡವೆಯೇ ಇರುವುದಿಲ್ಲ. ನಮ್ಮಂತೆ ಡೊಮೈನ್, ಇಆರ್‌ಪಿ, ಬ್ರಾಂಚ್ ಎಲ್ಲ ಇರುವವರಿಗೆ ಸ್ಟ್ಯಾಂಡರ್ಡ್ ಸರಿ. 2022ಕ್ಕೆ ಭದ್ರತಾ ಅಪ್‌ಡೇಟ್ 2031ರ ಅಕ್ಟೋಬರ್ ತನಕ ಬರುತ್ತದೆ, ಅಲ್ಲಿಯವರೆಗೆ ಇದನ್ನೇ ನಡೆಸುತ್ತೇವೆ.