ಕೆಮಿಸ್ಟ್ರಿಯೋ, ಪ್ರೋಗ್ರಾಮಿಂಗೋ?

ಇಂಜಿನಿಯರಿಂಗ್ ಕಡೆ ಹೊರಟವರು ಮೊದಲ ವರ್ಷ ಗಣಿತ, ಭೌತಶಾಸ್ತ್ರ ಬಿಡುವ ಮಾತೇ ಇಲ್ಲ. ಕಲನಶಾಸ್ತ್ರ ಗಟ್ಟಿಯಾಗದಿದ್ದರೆ ಮುಂದೆ ಮೆಕ್ಯಾನಿಕ್ಸ್, ಸರ್ಕ್ಯೂಟ್ ಯಾವುದೂ ತಲೆಗೆ ಹತ್ತುವುದಿಲ್ಲ. ತಲೆಬಿಸಿ ಶುರುವಾಗುವುದು ಮೂರನೇ ವಿಷಯ ಆರಿಸುವಾಗ: ರಸಾಯನಶಾಸ್ತ್ರವೋ, ಪ್ರೋಗ್ರಾಮಿಂಗೋ?

ಕೆಮಿಕಲ್, ಮೆಟೀರಿಯಲ್ಸ್, ಪರಿಸರ ಇಂಜಿನಿಯರಿಂಗ್ ಮನಸ್ಸಿನಲ್ಲಿದ್ದರೆ ರಸಾಯನಶಾಸ್ತ್ರವೇ ಸರಿ. ಸಿವಿಲ್‌ನವರಿಗೂ ಇದು ದಂಡವಲ್ಲ: ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕ ಕ್ರಿಯೆ ನಡೆದು; ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಆದರೆ ಲ್ಯಾಬ್‌ಗೆ ಹೊತ್ತು ಹಿಡಿಯುತ್ತದೆ. ಟೈಟ್ರೇಶನ್‌ನಲ್ಲಿ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ತಿಳಿಗುಲಾಬಿ ಬಣ್ಣ ಬರುವ ಹೊತ್ತಿಗೆ ಹನಿ ಹೆಚ್ಚು ಬಿತ್ತೋ, ಮತ್ತೆ ಮೊದಲಿನಿಂದ. ರೆಕಾರ್ಡ್ ಬರೆಯುವ ಕೆಲಸ ಬೇರೆ.

ಪ್ರೋಗ್ರಾಮಿಂಗ್ ಅಭ್ಯಾಸವನ್ನು ರಾತ್ರಿ ಮನೆಯಲ್ಲೇ ಕೂತು ಮುಗಿಸಬಹುದು. ಎಲೆಕ್ಟ್ರಿಕಲ್, ಮೆಕ್ಯಾನಿಕಲ್‌ನವರಿಗೂ ಅದು ಬೇಕೇ ಬೇಕು. ಆದರೆ ಅದನ್ನು ಆಮೇಲೆ ಸ್ವಂತವಾಗಿಯೂ ಕಲಿಯಬಹುದು; ಬ್ಯೂರೆಟ್ (ಆ ಹನಿ ಬಿಡುವ ಅಳತೆಯ ಕೊಳವೆ) ಹಿಡಿಯುವ ಕೈಯನ್ನು ಯೂಟ್ಯೂಬ್ ಕೊಡುವುದಿಲ್ಲ. ಶಾಖೆ ಇನ್ನೂ ತೀರ್ಮಾನವಾಗಿಲ್ಲ ಎನ್ನುವವರಿಗೆ ನನ್ನ ಮತ ರಸಾಯನಶಾಸ್ತ್ರಕ್ಕೆ. ಕಂಪ್ಯೂಟರ್ ಸೈನ್ಸೇ ಗುರಿಯಾದರೆ ಈ ಚರ್ಚೆಯೇ ಬೇಡ, ಪ್ರೋಗ್ರಾಮಿಂಗ್ ಹಿಡಿಯಿರಿ.

ಜೀವಶಾಸ್ತ್ರ? ಬಯೋಮೆಡಿಕಲ್ ಅಥವಾ ಬಯೋಟೆಕ್ ಆಸೆಯಿದ್ದರೆ ಮಾತ್ರ. ಯಾವುದಕ್ಕೂ ಹೆಸರು ಕೊಡುವ ಮುನ್ನ, ಎರಡನೇ ವರ್ಷದ ವಿಷಯಗಳಿಗೆ ಮೊದಲ ವರ್ಷದ ಯಾವ ಪೇಪರ್ ಪಾಸಾಗಿರಬೇಕು ಎಂದು ಪಠ್ಯಕ್ರಮ ತೆರೆದು ನೋಡಿಕೊಳ್ಳಿ.