ಸಿಗ್ರಾಫ್ ಹೆಸರಲ್ಲಿ "ವಿದೇಶದಲ್ಲಿ ವಿಎಫ್‌ಎಕ್ಸ್ ಕೆಲಸ" ಪ್ಯಾಕೇಜ್ ಮಾರ್ತಿದಾರೆ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ವಿಎಫ್‌ಎಕ್ಸ್ (ಸಿನಿಮಾಗೆ ಕಂಪ್ಯೂಟರಲ್ಲಿ ದೃಶ್ಯ ಸೇರಿಸೋ ಕೆಲಸ), ಅನಿಮೇಷನ್ ಫೀಲ್ಡಲ್ಲಿ ಕೆಲಸ ಹುಡುಕ್ತಿರೋರಿಗೆ, ಅದರಲ್ಲೂ ಸ್ಟುಡಿಯೋ ಮುಚ್ಚಿ ಮನೇಲಿ ಕೂತಿರೋ ಬೆಂಗಳೂರಿನ ಆರ್ಟಿಸ್ಟ್‌ಗಳಿಗೆ ಇದನ್ನ ಬರೀತಿದೀನಿ. ಸಿಗ್ರಾಫ್ ಅಂದ್ರೆ ಕಂಪ್ಯೂಟರ್ ಗ್ರಾಫಿಕ್ಸ್‌ನ ವರ್ಷದ ದೊಡ್ಡ ಕಾನ್ಫರೆನ್ಸು. 2026ರದ್ದು ಜುಲೈ 19ರಿಂದ 23ರವರೆಗೆ ಲಾಸ್ ಏಂಜಲೀಸಲ್ಲಿ, ಅದಕ್ಕೆ "ಪಾಸ್, ವೀಸಾ, ಇಂಟರ್ವ್ಯೂ ಎಲ್ಲಾ ಸೇರಿ" ಅಂತ ಒಂದು ಏಜೆನ್ಸಿ ಮೆಸೇಜ್ ಹಾಕ್ತಿದೆ. 2025ರಲ್ಲಿ ಇದೇ ಏಜೆನ್ಸಿಯ ಇದೇ ಪ್ಯಾಕೇಜಲ್ಲಿ ನಾನು ಕೆನಡಾದ ವ್ಯಾಂಕೂವರಿಗೆ ಹೋಗಿದ್ದೆ. ಕಾನ್ಫರೆನ್ಸ್ ನಡೆಸೋರಿಗೂ ಇವರಿಗೂ ಯಾವ ಸಂಬಂಧನೂ ಇಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ.

2025ರ ಫೆಬ್ರವರಿಯಲ್ಲಿ ದೊಡ್ಡ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಲ್ಲಿ ಸಾವಿರಾರು ಜನ ಒಟ್ಟಿಗೇ ಮಾರ್ಕೆಟ್ಟಿಗೆ ಬಂದ್ರು, ಬೇರೆ ಸಣ್ಣ ಸ್ಟುಡಿಯೋದಲ್ಲಿ ಲೈಟಿಂಗ್ (ಕಂಪ್ಯೂಟರ್ ದೃಶ್ಯಕ್ಕೆ ಬೆಳಕು ಕೊಡೋದು) ಮಾಡ್ತಿದ್ದ ನನಗೂ ಅದೇ ಹೊತ್ತಲ್ಲಿ ಪ್ರಾಜೆಕ್ಟ್ ಮುಗೀತು, ಒಂದು ಸೀಟಿಗೆ ನೂರಾರು ಶೋರೀಲ್ (ನಮ್ಮ ಕೆಲಸದ ಸ್ಯಾಂಪಲ್ ವಿಡಿಯೋ) ಬರ್ತಿದ್ದ ಕಾಲ ಅದು. ಸರಿಯಾಗಿ ಆಗಲೇ ಈ ಏಜೆನ್ಸಿಯವರ ಫೋನು. ಅವರು ಹೇಳಿದ್ರಲ್ಲಿ ಅರ್ಧ ನಿಜಾನೇ ಇತ್ತು. ವ್ಯಾಂಕೂವರ್ ವಿಎಫ್‌ಎಕ್ಸ್‌ಗೆ ದೊಡ್ಡ ಊರು, ನಿಜ. ಸೋನಿ ಇಮೇಜ್‌ವರ್ಕ್ಸ್ ಹೆಡ್ ಆಫೀಸೇ 2014ರಲ್ಲಿ ಅಲ್ಲಿಗೆ ಹೋಯ್ತು, ಅಲ್ಲಿನ ಸರ್ಕಾರ ಟ್ಯಾಕ್ಸ್ ಕ್ರೆಡಿಟ್ (ತೆರಿಗೆ ರಿಯಾಯಿತಿ) ಕೊಡುತ್ತೆ, ಅದೂ ನಿಜ. ಆದ್ರೆ 2023ರಲ್ಲಿ ಹಾಲಿವುಡ್ಡಲ್ಲಿ ರೈಟರ್ಸ್ ಸ್ಟ್ರೈಕು ಮೇ 2ರಿಂದ ಸೆಪ್ಟೆಂಬರ್ 27ರವರೆಗೆ, ಆಕ್ಟರ್ಸ್ ಸ್ಟ್ರೈಕು ಜುಲೈ 14ರಿಂದ ನವೆಂಬರ್ 9ರವರೆಗೆ ನಡೆದು ಶೂಟಿಂಗೇ ನಿಂತಮೇಲೆ ನಮ್ಮ ಕೈಗೆ ಬರೋ ಶಾಟ್‌ಗಳೂ ನಿಂತ್ವು, ಆ ಹೊಡೆತದಿಂದ ವ್ಯಾಂಕೂವರ್ ಆರ್ಟಿಸ್ಟ್‌ಗಳೇ ಕೆಲಸ ಇಲ್ಲದೆ ಕೂತಿದ್ರು. ಅದನ್ನ ಮಾತ್ರ ಬಾಯಿ ಬಿಡಲಿಲ್ಲ.

"ಸರ್, ಅಲ್ಲಿ ಎಚ್‌ಆರ್‌ನೋರು ನಿಮ್ಮ ಲಿಸ್ಟ್ ಇಟ್ಕೊಂಡೇ ಕೂತಿರ್ತಾರೆ, ಸ್ಲಾಟ್ ಬುಕ್ ಆಗಿದೆ, ಆಫರ್ ಸಿಕ್ಕಿದ ತಕ್ಷಣ ಅಲ್ಲೇ ವಿಸಿಟರ್ ವೀಸಾನ ವರ್ಕ್ ಪರ್ಮಿಟ್ಟಿಗೆ ಕನ್ವರ್ಟ್ ಮಾಡ್ಸಣ" ಅಂದ್ರು. ಟಿಕೆಟ್ಟು, ರೂಮು, ಪಾಸು, ಅವರ "ಸರ್ವಿಸ್ ಚಾರ್ಜು" ಸೇರಿ ನಾಲ್ಕು ಲಕ್ಷದ ಹತ್ರ.

ಅಲ್ಲಿ ಹೋದ್ಮೇಲೆ ಕೊಟ್ಟಿದ್ದು ಎಲ್ಲಕ್ಕಿಂತ ಕಮ್ಮಿ ದರದ ಪಾಸು. ಸಿಗ್ರಾಫ್ ಪಾಸಲ್ಲಿ ದರ್ಜೆಗಳಿವೆ, ಪೇಪರ್ಸು ಕೋರ್ಸುಗಳಿಗೆಲ್ಲ ಹೋಗಬೇಕಂದ್ರೆ ದುಬಾರಿ ಪಾಸೇ ಬೇಕು, ನಮ್ಮದರಲ್ಲಿ ಮುಖ್ಯವಾಗಿ ಎಕ್ಸಿಬಿಷನ್ ಹಾಲ್, ಅದೂ ಮೊದಲ ದಿನದಿಂದ ತೆಗೆದಿರಲ್ಲ. ಹಾಲ್ ತೆಗೆದ ದಿನ ಪ್ರಿಂಟ್ ಮಾಡಿಸಿದ ರೆಸ್ಯೂಮೆ, ಟ್ಯಾಬಲ್ಲಿ ಶೋರೀಲ್ ಹಿಡ್ಕೊಂಡು ಲಿಸ್ಟಲ್ಲಿದ್ದ ಸ್ಟಾಲ್‌ಗಳಿಗೆಲ್ಲ ಹೋದ್ವಿ. ಸ್ಟಾಲಲ್ಲಿ ನಿಂತಿರೋರು ಸಾಫ್ಟ್‌ವೇರ್, ಗ್ರಾಫಿಕ್ಸ್ ಕಾರ್ಡ್, ಮೋಷನ್ ಕ್ಯಾಪ್ಚರ್ ಮಾರೋರು, ಡೆಮೊ ತೋರಿಸೋ ಇಂಜಿನಿಯರ್‌ಗಳು. ಪಾಪ ಮರ್ಯಾದೆಯಿಂದಲೇ ಮಾತಾಡ್ಸಿದ್ರು. ಸ್ಲಾಟ್ ಅನ್ನೋದೇ ಅವರಿಗೆ ಗೊತ್ತಿಲ್ಲ, ಕೆಲಸಕ್ಕಾದ್ರೆ ವೆಬ್‌ಸೈಟಲ್ಲಿ ಅಪ್ಲೈ ಮಾಡಿ ಅಂತ ಕ್ಯೂಆರ್ ಕೋಡ್ ತೋರಿಸಿದ್ರು. ಆ ಕೋಡ್‌ನ ಬಸವನಗುಡಿಯಲ್ಲಿ ಕೂತೇ ಸ್ಕ್ಯಾನ್ ಮಾಡಬಹುದಿತ್ತು.

ಆಮೇಲಿನ ಭಾಗ ಇನ್ನೂ ಕೆಟ್ಟದ್ದು. ಸಂಜೆ ಒಂದು ಹೋಟೆಲ್ ರೂಮಲ್ಲಿ "ಪ್ರೈವೇಟ್ ಹೈರಿಂಗ್ ಮೀಟ್" ಅಂತ ಕರೆದ್ರು. ಯಾವ ಸ್ಟುಡಿಯೋ ಅಂತ ಕೇಳಿದ್ರೆ ಎನ್‌ಡಿಎ (ಗುಟ್ಟು ಬಿಡಬಾರದು ಅನ್ನೋ ಒಪ್ಪಂದ) ಇದೆ ಹೇಳಂಗಿಲ್ಲ ಅಂತಾರೆ, ರೀಲ್ ಅರ್ಧನೂ ನೋಡದೆ ಸೆಲೆಕ್ಟ್ ಅಂತಾರೆ, ಎಲ್‌ಎಂಐಎ (ಹೊರದೇಶದವರನ್ನ ಕೆಲಸಕ್ಕೆ ತಗೊಳೋಕೆ ಕೆನಡಾ ಸರ್ಕಾರ ಕಂಪನಿಗೆ ಕೊಡೋ ಒಪ್ಪಿಗೆ) ಮಾಡಿಸೋಕೆ ಇನ್ನೂ ಆರು ಲಕ್ಷ, ಅರ್ಧ ಇವತ್ತೇ ಅಂತಾರೆ. ನಮ್ಮ ಜೊತೆ ಬಂದಿದ್ದ ಹಾಸನದ ಹುಡುಗ, ರೋಟೋ (ಫ್ರೇಮಲ್ಲಿರೋ ಆಕಾರನ ಬಿಡಿಸಿ ಬೇರೆ ಮಾಡೋ ಕೆಲಸ) ಆರ್ಟಿಸ್ಟು, "ಅಣ್ಣ, ಇಷ್ಟು ದೂರ ಬಂದಿದೀವಿ, ಬಿಟ್ರೆ ಮತ್ತೆ ಸಿಗಲ್ಲ" ಅಂತ ಊರಿಗೆ ಫೋನ್ ಮಾಡಿ ಅಮ್ಮನ ಒಡವೆ ಅಡ ಇಡ್ಸಿ ದುಡ್ಡು ಹಾಕ್ಸಿದ. ಅವನಿಗೆ ಇವತ್ತಿನವರೆಗೂ ಒಂದು ಕಾಗದ ಬಂದಿಲ್ಲ. ಅವನ ಮುಖ ನೆನೆಸ್ಕೊಂಡ್ರೆ ಈಗಲೂ ಸಿಟ್ಟು ತಡೆಯಕ್ಕಾಗಲ್ಲ.

ಈಗ ಕಾನೂನು ಏನು ಅಂತ ಕೇಳಿ. ಎಲ್‌ಎಂಐಎಗೆ ಅರ್ಜಿ ಹಾಕಬೇಕಾಗಿರೋದು ಕೆಲಸ ಕೊಡೋ ಕಂಪನಿ, ಒಂದು ಹುದ್ದೆಗೆ 1,000 ಕೆನಡಿಯನ್ ಡಾಲರ್ ಫೀ ಕೂಡ ಅವರೇ ಕಟ್ಟಬೇಕು, ಕೆಲಸಗಾರನ ಹತ್ರ ಅದನ್ನ ವಸೂಲಿ ಮಾಡೋ ಹಾಗೇ ಇಲ್ಲ. ವ್ಯಾಂಕೂವರ್ ಇರೋ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕೆಲಸ ಕೊಡಿಸ್ತೀನಿ ಅಂತ ಕೆಲಸ ಹುಡುಕೋರ ಹತ್ರ ದುಡ್ಡು ತಗೊಳೋದೇ ಕಾನೂನುಬಾಹಿರ. ವಿಸಿಟರ್ ವೀಸಾದಲ್ಲಿ ಇಂಟರ್ವ್ಯೂ ಕೊಡಬಹುದು, ಕೆಲಸ ಮಾಡೋ ಹಾಗಿಲ್ಲ. ಆ "ಕನ್ವರ್ಟ್" ಅನ್ನೋದು ಕೋವಿಡ್ ಟೈಮಲ್ಲಿ ತಂದಿದ್ದ ತಾತ್ಕಾಲಿಕ ನಿಯಮ, ಕೆನಡಾ ಅದನ್ನ 2024ರ ಆಗಸ್ಟ್ 28ಕ್ಕೇ ನಿಲ್ಲಿಸಿತ್ತು, ನಮಗೆ ಮಾರಿದ್ದು ಅದಾದ್ಮೇಲೆ! ನಮ್ಮ ದೇಶದಲ್ಲೂ ವಿದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟ್ ಸರ್ಕಾರದಲ್ಲಿ ರಿಜಿಸ್ಟರ್ ಆಗಿರಬೇಕು, ಸರ್ವಿಸ್ ಚಾರ್ಜ್ 30,000 ರೂಪಾಯಿ ಪ್ಲಸ್ ಜಿಎಸ್‌ಟಿ ದಾಟಂಗಿಲ್ಲ. ಸರ್ಕಾರದ ಇ-ಮೈಗ್ರೇಟ್ ಪೋರ್ಟಲಲ್ಲಿ ಹೆಸರು ಹುಡುಕಿ, ಐದು ನಿಮಿಷದ ಕೆಲಸ. ಇವರ ಹೆಸರು ಅಲ್ಲಿಲ್ಲ, ಕೇಳಿದ್ರೆ ನಾವು "ಈವೆಂಟ್ ಟ್ರಾವೆಲ್ ಕಂಪನಿ" ಅಂತಾರೆ.

ಸಿಗ್ರಾಫ್ ಕೆಟ್ಟದ್ದಲ್ಲ. 1974ರಿಂದ ನಡೀತಿರೋ ಕಾನ್ಫರೆನ್ಸು, ಮೂಲದಲ್ಲಿ ಅದು ರಿಸರ್ಚ್ ಜನರದ್ದು. ರೆಂಡರಿಂಗ್ ಕೋಡ್ ಬರೆಯೋರು, ಸಿಮ್ಯುಲೇಷನ್ ಮೇಲೆ ಪಿಎಚ್‌ಡಿ ಮಾಡ್ತಿರೋರು, ಪೈಪ್‌ಲೈನ್ ಟಿಡಿಗಳು (ಸ್ಟುಡಿಯೋದ ಸಾಫ್ಟ್‌ವೇರ್ ವ್ಯವಸ್ಥೆ ನೋಡ್ಕೊಳೋ ಟೆಕ್ನಿಕಲ್ ಡೈರೆಕ್ಟರ್‌ಗಳು), ಇವರಿಗೆ ಅಲ್ಲಿ ಮಾತಾಡೋ ಜನ ಸಿಗ್ತಾರೆ, ಆ ಪರಿಚಯ ಮುಂದೆ ಕೆಲಸಕ್ಕೂ ದಾರಿ ಆಗಬಹುದು. ರೋಟೋ, ಪೇಂಟ್ (ಫ್ರೇಮಲ್ಲಿ ಬೇಡದ್ದನ್ನ ಅಳಿಸೋದು), ಕಂಪ್ (ಬೇರೆ ಬೇರೆ ಲೇಯರ್ ಒಟ್ಟಿಗೆ ಸೇರಿಸೋದು), ಲೈಟಿಂಗ್ ಮಾಡೋ ನಮ್ಮಂಥವರಿಗೆ ಸಾಲ ಮಾಡಿ ಹೋಗೋವಂಥದ್ದು ಅಲ್ಲಿ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಸ್ಟೂಡೆಂಟ್ ಆಗಿದ್ರೆ ಸ್ಟೂಡೆಂಟ್ ವಾಲಂಟಿಯರ್ ಪ್ರೋಗ್ರಾಮ್ ಇದೆ, ಇಷ್ಟು ಗಂಟೆ ಅಲ್ಲಿ ಕೆಲಸ ಮಾಡಿದ್ರೆ ಕಾನ್ಫರೆನ್ಸ್ ಪಾಸ್ ಅವರೇ ಕೊಡ್ತಾರೆ, ಹೊರದೇಶದವರೂ ನೇರವಾಗಿ ಅಪ್ಲೈ ಮಾಡಬಹುದು, ಮಧ್ಯದಲ್ಲಿ ಯಾರೂ ಬೇಡ. ಬೆಂಗಳೂರಲ್ಲೇ ಅನಿಮೇಷನ್, ಗೇಮಿಂಗ್ ಉದ್ಯಮದವರ ಸಂಘ ಅಬಾಯ್‌ನವರು ಗ್ಯಾಫೆಕ್ಸ್ ಅನ್ನೋ ಕಾನ್ಫರೆನ್ಸ್ ನಡೆಸ್ತಾರೆ, ಇಲ್ಲಿನ ಸ್ಟುಡಿಯೋ ಜನ ಸಿಗ್ತಾರೆ, ಮೆಟ್ರೋ ಬಸ್ಸಲ್ಲಿ ಹೋಗಿ ಬರಬಹುದು.

ಲಾಸ್ ಏಂಜಲೀಸ್ ಪ್ಯಾಕೇಜಿಗೆ ಈಗಾಗಲೇ ಅಡ್ವಾನ್ಸ್ ಕಟ್ಟಿದ್ರೆ ಮೊದಲು ಪಾಸ್‌ಪೋರ್ಟ್ ವಾಪಸ್ ತಗೊಳಿ, "ವೀಸಾ ಫೈಲಿಂಗಿಗೆ ಬೇಕು" ಅಂತ ನಮ್ಮ ಗುಂಪಲ್ಲಿ ಕೆಲವರದ್ದು ಇಟ್ಕೊಂಡಿದ್ರು, ಹಾಗೆ ಇಟ್ಕೊಳೋ ಹಕ್ಕು ಯಾವ ಏಜೆಂಟಿಗೂ ಇಲ್ಲ. ಯುಪಿಐ ಸ್ಕ್ರೀನ್‌ಶಾಟು, ವಾಟ್ಸಾಪ್ ಚಾಟು, ಆಡಿಯೋ ಮೆಸೇಜು ಏನೂ ಡಿಲೀಟ್ ಮಾಡಬೇಡಿ. ದುಡ್ಡು ಆನ್‌ಲೈನಲ್ಲಿ ಹೋಗಿದ್ರೆ ಆದಷ್ಟು ಬೇಗ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ, ಹತ್ತಿರದ ಪೊಲೀಸ್ ಸ್ಟೇಷನ್ನಲ್ಲೂ ಬರಹದಲ್ಲಿ ಕಂಪ್ಲೇಂಟ್ ಕೊಡಿ. ನಾವು ಕೆಲವರು ಸೇರಿ ಕೊಟ್ಟಿದೀವಿ, ಹಾಸನದ ಹುಡುಗನೂ ಸಹಿ ಹಾಕಿದಾನೆ, ಇನ್ನಷ್ಟು ಜನ ಮುಂದೆ ಬಂದ್ರೆ ಕೇಸಿಗೆ ಬಲ ಬರುತ್ತೆ.