"ಎಲ್ಲಾ ಕೋಳಿಗೂ ಒಂದೇ ಚೀಲ ಸಾಕು" ಅಂದ್ರೆ ನಂಬಬೇಡಿ

ಬರೆಯೋಕೇ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ಇನ್ನೊಬ್ಬರ ಮರಿ ಸಾಯೋದು ಬೇಡ.

ನನ್ನ ಗೂಡಲ್ಲಿ ಎಲ್ಲಾ ಬೆರಕೆ. ಮೊಟ್ಟೆ ಇಡೋ ಹೇಂಟೆ 6, ಹುಂಜ 1, ಆರು ವಾರದ ಮರಿ 9. ಫೀಡ್ ಮಾರೋನಿಗೆ ಇದೇ ಲೆಕ್ಕ ಮೆಸೇಜ್ ಹಾಕಿದ್ದೆ. ಹಾಕಿದ್ದೆ ಅನ್ನೋದು ನೆನಪಿರಲಿ. ಉತ್ತರ ಬಂತು: "ಲೇಯರ್ ಫೀಡ್ (ಮೊಟ್ಟೆ ಇಡೋ ಕೋಳಿ ಮೇವು) ಒಂದೇ ತಗೊಳ್ಳಿ ಸಾರ್, ಎಲ್ಲಾದಕ್ಕೂ ಆಗುತ್ತೆ. ಮರಿಗೂ ಮೂಳೆ ಗಟ್ಟಿಯಾಗುತ್ತೆ." ಎರಡೆರಡು ಚೀಲ ಹೊರೋದು ತಪ್ಪಿತು ಅಂತ ಖುಷಿಪಟ್ಟೋನು ನಾನೇ.

ಮೂರ್ನಾಲ್ಕು ವಾರ ಏನೂ ಗೊತ್ತಾಗ್ಲಿಲ್ಲ. ಆಮೇಲೆ ಒಂದು ಮರಿ ರೆಕ್ಕೆ ಇಳಿಬಿಟ್ಟು ಮೂಲೆ ಸೇರ್ತು. ಹಿಕ್ಕೆ ನೀರುನೀರಾಗಿ, ಬೆಳ್ಳಗೆ. ಮಾರನೇ ದಿನ ಸತ್ತಿತ್ತು. ಅದೇ ವಾರ ಇನ್ನೂ ಮೂರು.

ನಾಲ್ಕನೆಯದನ್ನ ಪಶುವೈದ್ಯರ ಹತ್ರ ಒಯ್ದೆ. ಕೊಯ್ದು ತೋರಿಸಿದ್ರು. ಹೃದಯದ ಮೇಲೆ, ಲಿವರ್ ಮೇಲೆ ಸುಣ್ಣ ಬಳಿದ ಹಾಗೆ ಬಿಳೀ ಪದರ. ಕಿಡ್ನಿ ಊದಿಕೊಂಡಿತ್ತು. "ಇದು ಸುಣ್ಣ ಅಲ್ಲ, ಯೂರಿಕ್ ಆಸಿಡ್ಡಿನ ಉಪ್ಪು. ಕಿಡ್ನಿ ಕೈಕೊಟ್ರೆ ಹೊರಗೆ ಹೋಗದೆ ಹೀಗೆ ಕೂರುತ್ತೆ. ನೀರು ಸರಿಯಾಗಿ ಇಡ್ತಿದ್ರಾ? ತಿನ್ನೋಕೆ ಏನು ಹಾಕ್ತಿದ್ರಿ?" ನೀರು ಯಾವತ್ತೂ ಖಾಲಿ ಬಿಟ್ಟಿಲ್ಲ ಅಂದೆ. ಲೇಯರ್ ಫೀಡ್ ಅಂದ ಕೂಡ್ಲೇ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ್ರು. ಮರೀಗಾ? ಅಂದ್ರು. ಅಷ್ಟೇ.

ಮನೆಗೆ ಬಂದು ಚೀಲ ನೋಡಿದೆ. ಬಾಯಿ ಹೊಲಿಗೆ ಜೊತೆಗೇ ಸೇರಿಸಿ ಹೊಲಿದಿದ್ದ ಚೀಟಿ. ಕ್ಯಾಲ್ಸಿಯಂ ಕನಿಷ್ಠ 3.5%. ಕೆಳಗೆ, ಮೊಟ್ಟೆ ಇಡುವ ಕೋಳಿಗಳಿಗೆ ಮಾತ್ರ. ಬೆಳೆಯೋ ಮರಿಗೆ ಬೇಕಾಗಿದ್ದು ಹೆಚ್ಚುಕಮ್ಮಿ 1%, ಮಿಕ್ಕಿದ್ದು ಕಿಡ್ನಿಗೇ ಹೊರೆ. ದಿನಾ ಬೆಳಿಗ್ಗೆ ಅದೇ ಚೀಟಿ ಪಕ್ಕಕ್ಕೆ ಸರಿಸಿ ಬಟ್ಟಲು ತುಂಬ್ತಿದ್ದೆ. ಓದೋಕೆ ಬರೋ ಮನುಷ್ಯ ನಾನು!

ಫೀಡ್ ಮಾರೋನಿಗೆ ಫೋನ್ ಮಾಡಿದೆ. ಮೊದಲು, "ಶೀತ ಆಗಿರುತ್ತೆ ಸಾರ್." ಡಾಕ್ಟರ್ ಹೇಳಿದ್ದು ಹೇಳಿದೆ. "ಅವರು ಹಾಗೇ ಹೇಳ್ತಾರೆ." ಆಮೇಲೆ, "ಮರಿ ಇದೆ ಅಂತ ನೀವು ಹೇಳಲೇ ಇಲ್ವಲ್ಲ." ಮೆಸೇಜ್ ಅವನಿಗೇ ವಾಪಸ್ ಕಳಿಸಿದೆ. ಓದಿದ, ನೀಲಿ ಗುರುತು ಬಂತು. ಒಂದು ಗಂಟೆ ಬಿಟ್ಟು ಉತ್ತರ: "ಚೀಲದ ಮೇಲೇ ಬರ್ದಿದೆ ಸಾರ್, ನೀವು ನೋಡ್ಕೋಬೇಕಿತ್ತು." ಹೇಳಿದೋನು ನೀನು, ನೋಡ್ಕೋಬೇಕಾದೋನು ನಾನು! ಉಳಿದರ್ಧ ಚೀಲ ವಾಪಸ್ ತಗೋ ಅಂದ್ರೆ, ಬಾಯಿ ಬಿಚ್ಚಿದ್ದು ತಗೊಳ್ಳಲ್ವಂತೆ.

ಡಾಕ್ಟರ್ ಹೇಳಿದ್ದು ಇಷ್ಟು. ದೊಡ್ಡದು ಚಿಕ್ಕದು ಒಟ್ಟಿಗೇ ಇದ್ರೆ ಎಲ್ಲದಕ್ಕೂ ಗ್ರೋವರ್ ಫೀಡ್ (ಬೆಳೆಯೋ ಕೋಳಿ ಮೇವು) ಹಾಕಿ, ಕಪ್ಪೆಚಿಪ್ಪಿನ ಚೂರನ್ನ ಬೇರೆ ಬಟ್ಟಲಲ್ಲಿಡಿ. ಮೊಟ್ಟೆ ಇಡೋ ಹೇಂಟೆಗೆ ಸುಣ್ಣದಂಶ ಬೇಕಾದಾಗ ಅದೇ ಹೋಗಿ ತಿನ್ನುತ್ತೆ. ಫೀಡಿನಲ್ಲಿ ಬೆರೆಸಿದ್ರೆ ಮತ್ತೆ ಅದೇ ಕಥೆ. ತೀರಾ ಎಳೇ ಮರಿಗೆ ಸ್ಟಾರ್ಟರ್, ಅದನ್ನ ಬೇರೆ ಕಡೆ ಕೂಡಿಹಾಕಿ ಕೊಡಿ. ಔಷಧಿ ಬೆರೆಸಿದ ಸ್ಟಾರ್ಟರ್ ಆದ್ರೆ ಹೇಂಟೆ ಬಾಯಿಗೆ ಬೀಳೋ ಮುಂಚೆ ಕೇಳ್ಕೊಳ್ಳಿ, ಮೊಟ್ಟೆ ತಿನ್ನೋರು ನೀವು. "ಹುಂಜಕ್ಕೂ ಲೇಯರ್ ಹಾಕಿದ್ರಾ? ಅದೇನು ಮೊಟ್ಟೆ ಇಡುತ್ತಾ?" ಅಂತಲೂ ಕೇಳಿದ್ರು. ಏನು ಹೇಳೋದು.

ಫೀಡ್ ಬದಲಿಸಿ ಹತ್ತು ದಿನ ಆಯ್ತು. ಮರಿ 5 ಉಳಿದಿವೆ. ನಾಲ್ಕು ಓಡಾಡ್ತಿವೆ, ಒಂದು ಇವತ್ತೂ ನೀರಿನ ಬಟ್ಟಲ ಪಕ್ಕ ಕಣ್ಣು ಮುಚ್ಚಿ ಕೂತಿದೆ.